ಕೆಳಗೆ ಎಲೆಯೂ ಅಲುಗುತ್ತಿರಲಿಲ್ಲ, ಆದರೂ ಬಲೂನ್ ಯಾಕೆ ಏರಿಸಲಿಲ್ಲ?

ಪ್ರಶ್ನೆ: ಕೆಲಸದ ಮೇಲೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಬಂದು ನಾಲ್ಕು ವರ್ಷವಾಯಿತು. ಹೋದ ಚಳಿಗಾಲದಿಂದ ಬಿಸಿಗಾಳಿ ಬಲೂನ್ ಹಾರಿಸುವುದನ್ನು ಕಲಿಯುತ್ತಿದ್ದೇನೆ. ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಹೋದೆವು. ಫೋನಿನ ಆ್ಯಪ್‌ನಲ್ಲಿ ಗಾಳಿ ಗಂಟೆಗೆ 3 ಮೈಲಿ ಅಂತ ಇತ್ತು. ಆಕಾಶ ತಿಳಿಯಾಗಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಮ್ಮ ಇನ್‌ಸ್ಟ್ರಕ್ಟರ್ ಹುಟ್ಟುಹಬ್ಬಕ್ಕೆ ಕಟ್ಟುವಂಥ ಒಂದು ಸಣ್ಣ ಬಲೂನ್ ಮೇಲಕ್ಕೆ ಬಿಟ್ಟರು. ಅದು ಎರಡು ನಿಮಿಷ ನಿಧಾನವಾಗಿ ದಕ್ಷಿಣಕ್ಕೆ ಸರಿಯಿತು, ಆಮೇಲೆ ಬೆಟ್ಟದ ಕಡೆ ಓಡಿತು. ‘ಇವತ್ತು ಬೇಡ, ತಿಂಡಿಗೆ ಹೋಗೋಣ’ ಅಂದುಬಿಟ್ಟರು. ಮನೆಗೆ ಬಂದ ಮೇಲೆ ನೋಡಿದರೆ ಒಂಬತ್ತು ಗಂಟೆಯವರೆಗೂ ಗಾಳಿಯೇ ಇಲ್ಲ. ಅವರು ಸುಮ್ನೆ ಹೆದರಿದರಾ? ಮುನ್ಸೂಚನೆಯಲ್ಲಿ ನಾನು ನಿಜವಾಗಿ ಏನನ್ನು ಓದಬೇಕು?

ಉತ್ತರ: ಒಂಬತ್ತರ ನಂತರ ಏನಾಯಿತು ಅಂತ ನೀವು ಬರೆದಿಲ್ಲ. ಹತ್ತೂವರೆ ಹೊತ್ತಿಗೆ ನಿಮ್ಮ ಮನೆಮುಂದಿನ ಕಸದ ಡಬ್ಬಿ ರಸ್ತೆಗೆ ಉರುಳಿತ್ತಾ? ಏಪ್ರಿಲ್‌ನಲ್ಲಿ ಈ ಊರಿನಲ್ಲಿ ಅದು ಉರುಳದ ದಿನವೇ ಕಡಿಮೆ. ಹದಿನಾಲ್ಕು ವರ್ಷದಿಂದ ಇದೇ ಕಣಿವೆಯಲ್ಲಿ ಹಾರಿಸುತ್ತಿದ್ದೇನೆ, ಹಾಗಾಗಿ ಕೇಳಿದೆ.

ಮೊದಲು ಆ ಸಣ್ಣ ಬಲೂನಿನ ವಿಷಯ. ನಮ್ಮವರು ಅದನ್ನು ಪೈಬಾಲ್ ಅಂತಾರೆ. ಒಳಗೆ ಹೀಲಿಯಂ ಇರುತ್ತದೆ. ಕತ್ತಲಿದ್ದರೆ ಕೆಳಗೊಂದು ಪುಟ್ಟ ಎಲ್‌ಇಡಿ ದೀಪ ಕಟ್ಟುತ್ತೇವೆ. ಹದವಾಗಿ ತುಂಬಿದರೆ ನಿಮಿಷಕ್ಕೆ ಸುಮಾರು 300 ಅಡಿ ಏರುತ್ತದೆ. ಅಂದರೆ ಕೈಗಡಿಯಾರವೇ ಎತ್ತರದ ಅಳತೆಗೋಲು. ಅದು ಎರಡು ನಿಮಿಷ ದಕ್ಷಿಣಕ್ಕೆ ಸರಿಯಿತು ಅಂದಿರಲ್ಲ, ಅಲ್ಲಿಗೆ ಸುಮಾರು 600 ಅಡಿ. ಅಲ್ಲಿಂದ ಮೇಲೆ ಬೇರೆಯೇ ಗಾಳಿ. ಆಗ ನೀವು ಒಂದು ವಿಚಿತ್ರ ಗಮನಿಸಿರಬೇಕು. ಮೇಲೇರುತ್ತಲೇ ಇರುವ ಬಲೂನು ಕೆಳಗೆ ಇಳಿಯುತ್ತಿರುವ ಹಾಗೆ ಕಾಣುತ್ತದೆ, ಕಣ್ಣು ಬೆಟ್ಟದ ಬುಡದ ಕಡೆಗೆ ತಗ್ಗುತ್ತಾ ಹೋಗುತ್ತದೆ. ಬಲೂನು ಇಳಿಯುತ್ತಿಲ್ಲ. 300 ಅಡಿ ಮೇಲೆ ಹೋಗುವಷ್ಟರಲ್ಲಿ ಎರಡು ಸಾವಿರ ಅಡಿಗೂ ಜಾಸ್ತಿ ಪಕ್ಕಕ್ಕೆ ಹೋಗಿರುತ್ತದೆ. 25 ನಾಟ್ ಗಾಳಿ, ಅಂದರೆ ಗಂಟೆಗೆ 46 ಕಿಲೋಮೀಟರ್, ಕಣ್ಣಿಗೆ ಕಾಣುವುದು ಹೀಗೆ. ನಿಮ್ಮ ಇನ್‌ಸ್ಟ್ರಕ್ಟರ್ ನೋಡಿದ್ದು ಅದನ್ನೇ.

ಹಾಗಾದರೆ ಕೆಳಗೆ ಎಲೆಯೂ ಯಾಕೆ ಅಲುಗಲಿಲ್ಲ? ಇದಕ್ಕೆ ಉತ್ತರ ನಿಮ್ಮ ಅಜ್ಜಿ ಮನೆಯಲ್ಲೇ ಸಿಗುತ್ತದೆ. ಧನುರ್ಮಾಸದ ಬೆಳಗ್ಗೆ ಬಚ್ಚಲೊಲೆಯ ಹೊಗೆ ನೆನಪಿದೆಯಾ? ಹೆಂಚಿನ ಸಂದಿಯಿಂದ ನೆಟ್ಟಗೆ ಮೇಲೇಳುತ್ತದೆ. ತೆಂಗಿನಮರದ ತಲೆಯವರೆಗೆ ಹೋಗಿ, ಏನೋ ಅಡ್ಡ ಬಂದ ಹಾಗೆ ನಿಂತು, ಚಾಪೆಯಂತೆ ಗದ್ದೆಯ ಮೇಲೆ ಹರಡಿಕೊಳ್ಳುತ್ತದೆ. ರಾತ್ರಿಯಿಡೀ ನೆಲ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೂತಿರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ. ಮೇಲೆ ಹೋದಂತೆ ತಂಪಾಗಬೇಕಾದದ್ದು ಇಲ್ಲಿ ತಿರುಗುಮುರುಗು. ಇದನ್ನೇ ಇನ್ವರ್ಶನ್ ಅನ್ನುತ್ತಾರೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮುಚ್ಚಳದ ಮೇಲೆ ಗಾಳಿ ಎಷ್ಟೇ ಜೋರಾಗಿ ಓಡಲಿ, ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯ: ಕೆಳಗಿನ ಪದರ ನೆಲಕ್ಕೆ ಅಂಟಿಕೊಂಡು ನಿಂತಾಗ ಮೇಲಿನ ಗಾಳಿಗೆ ನೆಲದ ತಡೆಯೇ ಇರುವುದಿಲ್ಲ. ಹಾಗಾಗಿ ಅದು ರಾತ್ರಿ ಹಗಲಿಗಿಂತ ಜಾಸ್ತಿ ಓಡುತ್ತದೆ. ಕ್ಯಾನ್ಸಸ್, ಒಕ್ಲಹೋಮದ ಬಯಲಿನಲ್ಲಂತೂ ಈ ರಾತ್ರಿಗಾಳಿ ತುಂಬಾ ಹೆಸರುವಾಸಿ.

ಸೂರ್ಯ ಬಂದ ಮೇಲೆ ನೆಲ ಬಿಸಿಯಾಗುತ್ತದೆ. ಮುಚ್ಚಳ ಕೆಳಗಿನಿಂದ ಕರಗುತ್ತಾ ಬರುತ್ತದೆ. ಪೂರ್ತಿ ಕರಗಿದ ಗಳಿಗೆಯಲ್ಲಿ ಮೇಲಿನ ಗಾಳಿ ನೆಲಕ್ಕೆ ಇಳಿಯುತ್ತದೆ. ಕಣದಲ್ಲಿ ರಾಗಿ ತೂರುವವರು ಹೊತ್ತೇರಿ ಗಾಳಿ ಏಳಲಿ ಅಂತ ಕಾಯುತ್ತಿದ್ದರಲ್ಲ, ಅದೇ ಗಾಳಿ. ಅವರಿಗೆ ಅದು ಬೇಕು. ನಾವು ಅದು ಬರುವ ಮೊದಲು ನೆಲದ ಮೇಲಿರಬೇಕು.

ಬಲೂನ್ ಕಲಿಯುವವರು ಮೊದಲು ಎಡವುವುದು ಇಲ್ಲೇ. ಏರುವ ಹೊತ್ತಿನ ಹವೆ ನೋಡುತ್ತಾರೆ. ಏರುವುದು ಯಾವಾಗಲೂ ಸುಲಭ. ನೀವು ಓದಬೇಕಾದ್ದು ಇಳಿಯುವ ಹೊತ್ತಿನ ಹವೆ, ಅಂದರೆ ಇನ್ನು ಒಂದು ಗಂಟೆ, ಒಂದೂವರೆ ಗಂಟೆ ಬಿಟ್ಟು ಇರುವ ಹವೆ. ಅದೂ ನೀವು ಏರಿದ ಜಾಗದ್ದಲ್ಲ, ಗಾಳಿ ನಿಮ್ಮನ್ನು ಒಯ್ದು ಬಿಡುವ ಜಾಗದ್ದು.

ಇನ್‌ಸ್ಟ್ರಕ್ಟರ್ ಸುಮ್ನೆ ಹೆದರಿದರಾ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅವತ್ತು ಕೈಪಳಗಿದ ಒಬ್ಬ ಪೈಲಟ್ ಒಬ್ಬನೇ ಆ 600 ಅಡಿಯೊಳಗೆ ಅರ್ಧ ಗಂಟೆ ತೇಲಿ ಇಳಿಯಬಹುದಿತ್ತು. ಆದರೆ ಕಲಿಯುವವರ ಕೈಯಲ್ಲಿ ಬರ್ನರ್ ಇದ್ದಾಗ ಎತ್ತರ ನಿಲ್ಲುವುದಿಲ್ಲ. ಒಂದು ಉರಿ ಜಾಸ್ತಿ ಕೊಟ್ಟಿರಿ ಅಂದುಕೊಳ್ಳಿ. ಬಲೂನು ತಡವಾಗಿ ಪ್ರತಿಕ್ರಿಯಿಸುತ್ತದೆ, ನೀವು ಗಮನಿಸುವಷ್ಟರಲ್ಲಿ 800 ಅಡಿ ದಾಟಿರುತ್ತದೆ. ಗಾಳಿ ಬದಲಾಗುವ ಆ ಗೆರೆ ದಾಟುವಾಗ ಮುಖಕ್ಕೆ ಗಾಳಿ ಬಡಿಯುತ್ತದೆ. ಬಲೂನಿನಲ್ಲಿ ನಾವು ಗಾಳಿಯ ಜೊತೆಗೇ ಹೋಗುವುದರಿಂದ ಸಾಮಾನ್ಯವಾಗಿ ಗಾಳಿಯೇ ತಿಳಿಯುವುದಿಲ್ಲ. ತಿಳಿಯಿತು ಅಂದರೆ ಪದರ ಬದಲಾಯಿತು ಅಂತ ಅರ್ಥ. ಬಲೂನಿನ ಬಟ್ಟೆಯ ಒಂದು ಪಕ್ಕ ಒಳಕ್ಕೆ ಗುಳಿ ಬೀಳುತ್ತದೆ, ಸ್ವಲ್ಪ ಬಿಸಿಗಾಳಿ ಹೊರಗೆ ಹೋಗುತ್ತದೆ. ಆಮೇಲೆ ನೀವು ಗಂಟೆಗೆ 46 ಕಿಲೋಮೀಟರ್ ವೇಗದಲ್ಲಿ ಊರಿನ ಮೂಡಣಕ್ಕಿರುವ ಸಾಂಡಿಯಾ ಬೆಟ್ಟದ ಕಡೆ ಹೊರಟಿರುತ್ತೀರಿ. ಮಧ್ಯೆ ಇರುವುದು ಮನೆಗಳು, ವಿದ್ಯುತ್ ತಂತಿಗಳು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಲೈಸನ್ಸ್ ಬಂದು ಒಂದು ವರ್ಷ ಆಗಿತ್ತು, ನಾನೇ ಏನೋ ಭಾರಿ ಅಂದುಕೊಂಡಿದ್ದೆ. ಇಂಥದೇ ಒಂದು ಮಾರ್ಚ್ ಬೆಳಗ್ಗೆ ಪೈಬಾಲ್ ಬಿಟ್ಟೆ, ಅದು ಓಡಿದ್ದೂ ನೋಡಿದೆ. ಬೆಂಗಳೂರಿನಿಂದ ಭಾವಮೈದ ಬಂದಿದ್ದ, ಮರುದಿನ ಅವನು ಹೊರಡಬೇಕಿತ್ತು. ‘ಕೆಳಗೇ ಇರೋಣ ಬಿಡು’ ಅಂತ ಏರಿದೆ. ಇಳಿಯಲು ಜಾಗ ಹುಡುಕುವುದರಲ್ಲಿ ಹೊತ್ತಾಯಿತು. ಎಂಟೂಮುಕ್ಕಾಲಿಗೆ ಮುಚ್ಚಳ ಹೋಯಿತು. 16 ನಾಟ್‌ನಲ್ಲಿ ನೆಲ ಮುಟ್ಟಿದೆವು. ಬುಟ್ಟಿ ಅಡ್ಡ ಬಿತ್ತು, ಕುರುಚಲು ಗಿಡಗಳ ಮೇಲೆ ಅರವತ್ತು ಎಪ್ಪತ್ತು ಮೀಟರ್ ಎಳೆದುಕೊಂಡು ಹೋಯಿತು. ಭಾವಮೈದನ ಕನ್ನಡಕ ಇನ್ನೂ ಸಿಕ್ಕಿಲ್ಲ. ಅವನು ಈಗಲೂ ಫೋನಿನಲ್ಲಿ ಮೊದಲು ಕೇಳುವುದು ‘ಗಾಳಿ ಹೇಗಿದೆ’ ಅಂತ. ಗಾಳಿಯ ವೇಗ ಎರಡು ಪಟ್ಟಾದರೆ ಏಟು ನಾಲ್ಕು ಪಟ್ಟಾಗುತ್ತದೆ. 5 ನಾಟ್‌ನಲ್ಲಿ ಇಳಿದರೆ ಬುಟ್ಟಿ ಮೆಲ್ಲಗೆ ಕೂರುತ್ತದೆ. 10ರಲ್ಲಿ ಮೊಣಕಾಲು ಮಡಿಸಿ ಹಿಡಿಕೆ ಬಿಗಿಯಾಗಿ ಹಿಡಿದಿರಬೇಕು. 16ರ ಕಥೆ ಹೇಳಿದೆನಲ್ಲ.

ಈಗ ನಿಮ್ಮ ಆ್ಯಪ್. ಅದು ಸುಳ್ಳು ಹೇಳಲಿಲ್ಲ. ಕೆಳಗೆ ನಿಜವಾಗಿಯೂ 3 ಮೈಲಿಯೇ ಇತ್ತು. ಆದರೆ ಅದು ಹೇಳುವುದು ನೆಲದಿಂದ 10 ಮೀಟರ್ ಎತ್ತರದ ಗಾಳಿಯನ್ನು ಮಾತ್ರ. ಬಟ್ಟೆ ಒಣಗಿಸುವವರಿಗೆ ಅಷ್ಟು ಸಾಕು. ನಮ್ಮ ಬಲೂನಿನ ತುದಿಯೇ ಅದಕ್ಕಿಂತ ಎತ್ತರದಲ್ಲಿರುತ್ತದೆ. ವಿಮಾನ ನಿಲ್ದಾಣದಿಂದ ಗಂಟೆಗೊಮ್ಮೆ ಬರುವ ಮೆಟಾರ್ ವರದಿಯೂ ಇದೇ 10 ಮೀಟರ್‌ನದು. ಆದರೂ ಅದನ್ನು ನಾನು ಬಿಡುವುದಿಲ್ಲ, ಯಾಕೆಂದರೆ ಅದು ಊಹೆಯಲ್ಲ, ಅಳೆದದ್ದು. ಪಡುವಣದ ಕಡೆಯ ಊರುಗಳ ವರದಿಯನ್ನೂ ನೋಡಿ. ಅಲ್ಲಿ ಬೆಳಗ್ಗೆ ಐದಕ್ಕೇ ಗಾಳಿ ಎದ್ದಿದ್ದರೆ ಅವರ ಮುಚ್ಚಳ ಆಗಲೇ ಹೋಗಿದೆ ಅಂತ ಅರ್ಥ. ಟ್ಯಾಫ್ ಅನ್ನುವ ಮುನ್ಸೂಚನೆ ನಿಲ್ದಾಣದ ಸುತ್ತ 5 ಮೈಲಿಗೆ ಮಾತ್ರ ಬರೆದದ್ದು. ಅದರಲ್ಲಿ ನಾನು ಒಂದೇ ಒಂದು ವಿಷಯ ಹುಡುಕುತ್ತೇನೆ: ಗಾಳಿ ಯಾವ ಗಂಟೆಗೆ ಬದಲಾಗುತ್ತದೆ ಅಂತ ಬರೆದಿದ್ದಾರೆ? ಹತ್ತಕ್ಕೆ ಅಂತ ಬರೆದಿದ್ದರೆ ನನ್ನ ಮಟ್ಟಿಗೆ ಅದು ಎಂಟೂವರೆ.

ಮೇಲಿನ ಗಾಳಿಗೆ ಅಂತಲೇ ಒಂದು ಹಳೆಯ ಟೇಬಲ್ ಇದೆ, ಪುಸ್ತಕದಲ್ಲಿ ಓದಿರುತ್ತೀರಿ. ಸಮುದ್ರಮಟ್ಟದಿಂದ 3,000, 6,000, 9,000 ಅಡಿ ಹೀಗೆ ಎತ್ತರಕ್ಕೊಂದು ಅಂಕಿ. ಪರೀಕ್ಷೆಗೆ ಬೇಕು, ಓದಿಕೊಳ್ಳಿ. ಆದರೆ ಈ ಊರಿನಲ್ಲಿ ಅದು ನಮಗೆ ಹೆಚ್ಚು ಪ್ರಯೋಜನಕ್ಕಿಲ್ಲ. ನೆಲದಿಂದ 1,500 ಅಡಿಯೊಳಗಿನ ಎತ್ತರಕ್ಕೆ ಆ ಟೇಬಲ್ ಗಾಳಿ ಕೊಡುವುದಿಲ್ಲ. ನಮ್ಮ ವಿಮಾನ ನಿಲ್ದಾಣವೇ 5,355 ಅಡಿ ಎತ್ತರದಲ್ಲಿದೆ. ಹಾಗಾಗಿ 6,000ದ ಜಾಗ ಖಾಲಿ. ಮೊದಲ ಅಂಕಿ ಸಿಗುವುದು 9,000ಕ್ಕೆ, ಅಂದರೆ ತಲೆಯ ಮೇಲೆ ಸುಮಾರು 3,600 ಅಡಿಯಲ್ಲಿ. ಬಲೂನ್ ಹೆಚ್ಚಿನ ಹೊತ್ತು ಹಾರುವ ಪದರಕ್ಕೆ ಒಂದು ಅಂಕಿಯೂ ಇಲ್ಲ! ಆದರೂ ಆ 9,000ದ ಅಂಕಿ ಒಂದು ಎಚ್ಚರಿಕೆ ಕೊಡುತ್ತದೆ. ಅಲ್ಲಿ 30 ನಾಟ್ ಇದ್ದರೆ, ಮುಚ್ಚಳ ಹೋದ ಮೇಲೆ ಅದರಲ್ಲಿ ಒಳ್ಳೆಯ ಪಾಲು ಕೆಳಗೆ ಬರುತ್ತದೆ.

ನಡುವಿನ ಖಾಲಿ ಜಾಗ ತುಂಬುವುದು ಸೌಂಡಿಂಗ್. ಇಲ್ಲಿನ ಹವಾಮಾನ ಕಚೇರಿಯವರು ದಿನಕ್ಕೆ ಎರಡು ಸಲ ಉಪಕರಣ ಕಟ್ಟಿದ ದೊಡ್ಡ ಬಲೂನ್ ಬಿಡುತ್ತಾರೆ. ಬೇಸಿಗೆ ಗಡಿಯಾರದಲ್ಲಿ (ಬೇಸಿಗೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ) ಒಂದು ಬೆಳಗ್ಗೆ 6ರ ಲೆಕ್ಕದ್ದು, ಅದನ್ನು ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಬಿಡುತ್ತಾರೆ. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ ನೇಕಾರರ ಮಗ್ಗ ನೋಡಿದ ಹಾಗೆ ಆಗುತ್ತದೆ, ಅಷ್ಟು ಗೆರೆ. ಹೆದರಬೇಡಿ. ನಿಮಗೆ ಬೇಕಾದ್ದು ಕೆಳಗಿನ ಒಂದು ಇಂಚು ಮಾತ್ರ. ಉಷ್ಣತೆಯ ಗೆರೆ ನೆಲದಿಂದ ಹೊರಟು ಬಲಕ್ಕೆ ಜೋರಾಗಿ ವಾಲಿ, ಆಮೇಲೆ ಎಡಕ್ಕೆ ತಿರುಗುತ್ತದೆ. ಆ ತಿರುವೇ ಮುಚ್ಚಳದ ತಲೆ.

ಅದರಿಂದ ಒಂದು ಚಿಕ್ಕ ಲೆಕ್ಕ ಮಾಡಬಹುದು. ಎಲ್ಲದಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಬೆಳಗ್ಗೆ ನೆಲದಲ್ಲಿ 4 ಡಿಗ್ರಿ, ಸಾವಿರ ಅಡಿ ಮೇಲೆ ಮುಚ್ಚಳದ ತಲೆಯಲ್ಲಿ 12 ಡಿಗ್ರಿ ಅಂದುಕೊಳ್ಳಿ. ಒಣಗಾಳಿ ಸಾವಿರ ಅಡಿ ಕೆಳಗಿಳಿದರೆ ಸುಮಾರು 3 ಡಿಗ್ರಿ ಬಿಸಿಯಾಗುತ್ತದೆ. 12ಕ್ಕೆ 3 ಕೂಡಿಸಿ, 15. ನೆಲದ ಗಾಳಿ 15 ಡಿಗ್ರಿ ಮುಟ್ಟಿದಾಗ ಮುಚ್ಚಳ ಹಾರಿಹೋಗುತ್ತದೆ. ಈಗ ಗಂಟೆಗಂಟೆಯ ಮುನ್ಸೂಚನೆ ತೆಗೆಯಿರಿ. 15 ಡಿಗ್ರಿ ಎಷ್ಟು ಗಂಟೆಗೆ? ಒಂಬತ್ತೂಕಾಲಿಗೆ ಅಂತಿದ್ದರೆ ಎಂಟೂಕಾಲಿಗೆ ನೀವು ಇಳಿದು ಬಲೂನಿನ ಬಟ್ಟೆ ಮಡಚುತ್ತಿರಬೇಕು. ನಿಮ್ಮ ಆ್ಯಪ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ, ಗಾಳಿಗಲ್ಲ, ಉಷ್ಣತೆಗೆ. ಬಿಸಿಲಿಗೆ ಮುಖಮಾಡಿದ ಇಳಿಜಾರು, ಟಾರು ರಸ್ತೆ, ದೊಡ್ಡ ಪಾರ್ಕಿಂಗ್ ಜಾಗ ಇರುವಲ್ಲಿ ಮುಚ್ಚಳ ಬೇಗ ಕರಗುತ್ತದೆ. ನದಿ ಪಕ್ಕದಲ್ಲಿ ತಡ. ಹಾಗಾಗಿ ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಹವಾಮಾನ ಕಚೇರಿಯ ಮುನ್ಸೂಚಕರು ದಿನಕ್ಕೆ ಒಂದೆರಡು ಸಲ ಚರ್ಚೆಯ ರೂಪದಲ್ಲಿ ನಾಲ್ಕಾರು ಪ್ಯಾರಾ ಬರೆಯುತ್ತಾರೆ. ಅದನ್ನು ತಪ್ಪದೇ ಓದಿ. ಅಲ್ಲಿ ಅಂಕಿಗಿಂತ ಅನುಮಾನ ಜಾಸ್ತಿ ಇರುತ್ತದೆ. ಈ ಕಂಪ್ಯೂಟರ್ ಮಾದರಿ ಹೀಗೆ ಹೇಳುತ್ತಿದೆ, ಆ ಮಾದರಿ ಒಪ್ಪುತ್ತಿಲ್ಲ ಅಂತ ಬಿಚ್ಚಿ ಹೇಳುತ್ತಾರೆ. ಅವರಿಗೇ ನಂಬಿಕೆ ಇಲ್ಲದ ದಿನ ನನಗೂ ನಂಬಿಕೆ ಇಲ್ಲ. ಹಾರುವ ಮೊದಲು ಫೋನ್ ಮಾಡಿ ಬ್ರೀಫಿಂಗ್, ಅಂದರೆ ಪೈಲಟ್‌ಗಳಿಗೆ ಕೊಡುವ ಹವೆಯ ವಿವರ, ಕೇಳುವಾಗ ಮೊದಲೇ ‘ನಂದು ಬಲೂನ್’ ಅಂತ ಹೇಳಿ. ಇಲ್ಲದಿದ್ದರೆ ಸೆಸ್ನಾ ವಿಮಾನದವರಿಗೆ ಹೇಳುವುದನ್ನು ನಿಮಗೂ ಹೇಳುತ್ತಾರೆ. 12 ನಾಟ್ ಗಾಳಿ ಅವರಿಗೆ ಏನೂ ಅಲ್ಲ.

ಈ ಊರಿನ ಹೆಮ್ಮೆಯ ವಿಷಯಕ್ಕೆ ಬರೋಣ, ಬಾಕ್ಸ್. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನ್‌ಗಳಿಂದ ಶುರುವಾದ ಇಲ್ಲಿನ ಬಲೂನ್ ಹಬ್ಬ ಇಷ್ಟು ದೊಡ್ಡದಾಗಲು ಈ ಬಾಕ್ಸ್ ಕೂಡ ಒಂದು ಕಾರಣ. ರಿಯೊ ಗ್ರಾಂಡೆ ನದಿ ಬಡಗಣದಿಂದ ತೆಂಕಣಕ್ಕೆ ಇಳಿಯುತ್ತದೆ. ರಾತ್ರಿಯ ತಣ್ಣನೆ ಗಾಳಿ ನೀರಿನಂತೆಯೇ ಕಣಿವೆ ಹಿಡಿದು ಕೆಳಕ್ಕೆ ಹರಿಯುತ್ತದೆ. ಮುಚ್ಚಳದ ಮೇಲೆ ಮೆಲ್ಲನೆ ತೆಂಕಣ ಗಾಳಿ ಇದ್ದರೆ ಮುಗಿಯಿತು, ಹಬ್ಬ. ಕೆಳಗೆ ತೇಲುತ್ತಾ ದಕ್ಷಿಣಕ್ಕೆ ಹೋಗಿ, ಏರಿ ಉತ್ತರಕ್ಕೆ ಮರಳಿ, ಮತ್ತೆ ಇಳಿದರೆ ಹೊರಟ ಮೈದಾನದ ಹತ್ತಿರಕ್ಕೇ ಬರುತ್ತೀರಿ. ಚುಕ್ಕಾಣಿಯೇ ಇಲ್ಲದ ವಾಹನ ಮನೆಗೆ ವಾಪಸ್ ಬರುವುದು ನೋಡಿದರೆ ಮೊದಲ ಸಲ ಮೈ ಜುಮ್ಮೆನ್ನುತ್ತದೆ. ಅಕ್ಟೋಬರ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳು. ರಾತ್ರಿ ತಿಳಿಯಾಗಿರುತ್ತದೆ, ಮೇಲಿನ ಗಾಳಿಗೆ ಇನ್ನೂ ಚಳಿಗಾಲದ ಬಿರುಸು ಬಂದಿರುವುದಿಲ್ಲ.

ನೀವು ನೋಡಿದ ಪೈಬಾಲ್ ಕೂಡ ಮೊದಲು ದಕ್ಷಿಣಕ್ಕೇ ಹೋಯಿತಲ್ಲ? ಬಾಕ್ಸ್‌ನ ಕೆಳಗಿನ ಅರ್ಧ ಅವತ್ತೂ ಇತ್ತು. ಮೇಲಿನ ಅರ್ಧದ ಜಾಗದಲ್ಲಿ ಏಪ್ರಿಲ್‌ನ ಪಡುವಣ ಗಾಳಿ ಕೂತಿತ್ತು. ಹೊಸಬರು ಕೆಳಗಿನ ಅರ್ಧ ನೋಡಿ ‘ಬಾಕ್ಸ್ ಇದೆ’ ಅಂದುಬಿಡುತ್ತಾರೆ.

ಬಾಕ್ಸ್ ಕೆಡಿಸುವ ಇನ್ನೊಬ್ಬ ಶತ್ರು ಮೂಡಣ ಗಾಳಿ. ಸಾಂಡಿಯಾ ಮತ್ತು ಮಂಜಾನೊ ಬೆಟ್ಟಸಾಲಿನ ನಡುವೆ ತಿಹೆರಾಸ್ ಕಣಿವೆಯ ಸಂದಿ ಇದೆ. ಬೆಟ್ಟದ ಆಚೆಯ ಬಯಲಿಗೆ ತಣ್ಣನೆ ಗಾಳಿ ಬಂದು ತುಂಬಿಕೊಂಡರೆ ಆ ಸಂದಿಯಿಂದ ಊರಿಗೆ ನುಗ್ಗುತ್ತದೆ. ಪಾಲಕ್ಕಾಡ್ ಸಂದಿಯಲ್ಲಿ ಬಸ್ಸಿನ ಕಿಟಕಿ ತೆಗೆದವರಿಗೆ ಈ ಗಾಳಿ ವಿವರಿಸಬೇಕಾಗಿಲ್ಲ. ಬಡಗಣದ ಮೈದಾನ ಶಾಂತವಾಗಿದ್ದರೂ ವಿಮಾನ ನಿಲ್ದಾಣದ ವರದಿಯಲ್ಲಿ ಮೂಡಣ ಗಾಳಿ 15, 20 ನಾಟ್ ಅಂತ ಇದ್ದರೆ ನಾನು ಹಾಸಿಗೆ ಬಿಟ್ಟು ಏಳುವುದಿಲ್ಲ.

ಗಾಳಿಯ ಮಾತೇ ಆಯಿತು. ಮಂಜು ಇಲ್ಲಿ ಅಪರೂಪ, ಆದರೆ ನೀವು ಲೈಸನ್ಸ್ ತಗೊಂಡು ಟೆಕ್ಸಾಸ್ ಕಡೆ ಹೋದರೆ ಅದೇ ಮೊದಲ ಶತ್ರು. ಉಷ್ಣತೆ ಮತ್ತು ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ನಡುವೆ 2–3 ಡಿಗ್ರಿ ಅಂತರವಷ್ಟೇ ಇದ್ದು, ಆಕಾಶ ತಿಳಿಯಾಗಿದ್ದು, ಗಾಳಿಯೂ ಇಲ್ಲದಿದ್ದರೆ ಎಚ್ಚರ. ಬಲೂನಿಗೆ ಹೇಳಿಮಾಡಿಸಿದ ಬೆಳಗ್ಗೆಯೇ ಮಂಜಿಗೂ ಹೇಳಿಮಾಡಿಸಿದ್ದು. ಸೂರ್ಯ ಬಂದರೆ ಕರಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಸೂರ್ಯ ಹುಟ್ಟಿದ ಕೂಡಲೇ ಗಾಳಿ ಸ್ವಲ್ಪ ಕಲಕಿ ಮಂಜು ಇನ್ನೂ ದಟ್ಟವಾಗುತ್ತದೆ. ಜನವರಿಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಕಾದು ಕೂತವರಿಗೆ ಇದು ಗೊತ್ತು.

2016ರ ಜುಲೈ 30ರಂದು ಟೆಕ್ಸಾಸ್‌ನ ಲಾಕ್‌ಹಾರ್ಟ್ ಬಳಿ ಒಂದು ಬಲೂನ್ ವಿದ್ಯುತ್ ತಂತಿಗೆ ತಗುಲಿ, ಅದರಲ್ಲಿದ್ದ 16 ಜನರೂ ಸತ್ತರು. ಹೊರಡುವ ಮೊದಲು ಪೈಲಟ್ ಫೋನಿನಲ್ಲಿ ಬ್ರೀಫಿಂಗ್ ತಗೊಂಡಿದ್ದರು. ಮೋಡ ತೊಂದರೆ ಕೊಡಬಹುದು ಅಂತ ಆ ಕಡೆಯವರು ಹೇಳಿಯೂ ಇದ್ದರು. ಆದರೂ ಏರಿದರು, ಮಂಜು ಮೋಡದ ಮೇಲೆ ಹಾರಿದರು, ಇಳಿಯುವಾಗ ಕೆಳಗಿನ ತಂತಿ ಕಾಣುವ ಸ್ಥಿತಿ ಇರಲಿಲ್ಲ. ತನಿಖೆಯ ವರದಿ ದೋಷ ಹೊರಿಸಿದ್ದು ಪೈಲಟ್ ತೆಗೆದುಕೊಂಡ ನಿರ್ಧಾರಗಳ ಮೇಲೆ. ಮುನ್ಸೂಚನೆ ಓದುವುದು ಬೇರೆ, ಓದಿದ ಮೇಲೆ ಹಾರುವ ಆಸೆ ಬಿಡುವುದು ಬೇರೆ. ಎರಡನೆಯದು ಹತ್ತು ಜನ ದುಡ್ಡು ಕೊಟ್ಟು ಬುಟ್ಟಿ ಮುಂದೆ ನಿಂತಾಗ ಕಷ್ಟ. ಅದಕ್ಕೇ ಮೈದಾನಕ್ಕೆ ಹೋಗುವ ಮೊದಲು, ಮನೆಯಲ್ಲಿ ಕಾಫಿ ಕುಡಿಯುವಾಗಲೇ, ನನ್ನ ಮಿತಿಗಳನ್ನು ಕಾಗದದ ಮೇಲೆ ಬರೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ನೆಲದಲ್ಲಿ 8 ನಾಟ್, ಮೇಲೆ 15, ಇಳಿಯುವ ಗಂಟೆ ಇಷ್ಟು. ಮೈದಾನದಲ್ಲಿ ಅದನ್ನು ತಿದ್ದುವುದಿಲ್ಲ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲೂ ಮಾನ್‌ಸೂನ್ ಅನ್ನುತ್ತಾರೆ. ನಮ್ಮ ಮಳೆಗಾಲದ ಮುಂದೆ ಅದೇನೂ ಅಲ್ಲ, ಆದರೆ ಮಧ್ಯಾಹ್ನದ ಗುಡುಗು ಮಳೆ ಕೆಟ್ಟದ್ದು. ಮೋಡದಿಂದ ದಬ್ಬಿ ಇಳಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು 50 ಕಿಲೋಮೀಟರ್ ಆಚೆಗೂ ಓಡುತ್ತದೆ, ಹುಟ್ಟಿಸಿದ ಮೋಡ ಸತ್ತ ಮೇಲೂ. ನಿಮ್ಮ ತಲೆಯ ಮೇಲೆ ನಕ್ಷತ್ರ ಇರಬಹುದು. ಆ ಕಾಲದಲ್ಲಿ ಸಂಜೆ ಹಾರಾಟ ನಾನು ಒಪ್ಪುವುದೇ ಇಲ್ಲ. ಬೆಳಗ್ಗೆಯೂ ರೇಡಾರ್‌ನಲ್ಲಿ ಹಿಂದಿನ ರಾತ್ರಿಯ ಮಳೆ ಇನ್ನೂ ಉಳಿದಿದ್ದರೆ ಬೇಡ.

ಸೆಖೆಯ ಲೆಕ್ಕ ಒಂದೇ ಮಾತಿನಲ್ಲಿ: 2,200 ಘನ ಮೀಟರ್‌ನ ಬಲೂನಿನ ಒಳಗೆ 100 ಡಿಗ್ರಿ ಇಟ್ಟುಕೊಂಡರೆ, ಈ ಊರಿನ ಎತ್ತರದಲ್ಲಿ ಹೊರಗೆ 10 ಡಿಗ್ರಿ ಇದ್ದಾಗ ಸುಮಾರು 545 ಕಿಲೋ ಎತ್ತುತ್ತದೆ, 30 ಡಿಗ್ರಿ ಇದ್ದಾಗ 400 ಕೂಡ ಕಷ್ಟ. ಅದರಲ್ಲೇ ಬಟ್ಟೆ, ಬುಟ್ಟಿ, ಗ್ಯಾಸ್ ಸಿಲಿಂಡರ್ ಎಲ್ಲ ಸೇರಿತು. ಜುಲೈನಲ್ಲಿ ಒಬ್ಬರನ್ನು ಕೆಳಗೇ ಬಿಟ್ಟು ಏರುವುದು ಇದಕ್ಕೇ.

ಈಗ ನೀವು ಮಾಡಬೇಕಾದ್ದು. ಖಾಸಗಿ ಬಲೂನ್ ಲೈಸನ್ಸ್‌ಗೆ ಇಲ್ಲಿ 10 ಗಂಟೆ ಹಾರಾಟದ ತರಬೇತಿ ಸಾಕು. ಹವೆ ಕಲಿಯಲು ಅಷ್ಟು ಸಾಲದು, ಹಾರದ ದಿನವೂ ಕಲಿಯಬೇಕು. ಒಂದು ತಿಂಗಳು ಹೀಗೆ ಮಾಡಿ. ರಾತ್ರಿ ಊಟ ಆದ ಮೇಲೆ ಮುನ್ಸೂಚಕರ ಚರ್ಚೆ ಮತ್ತು ಟ್ಯಾಫ್ ಓದಿ, ನಾಳೆ ಹಾರಬಹುದಾ ಬೇಡವಾ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳಗ್ಗೆ ಎದ್ದು ಸೌಂಡಿಂಗ್ ನೋಡಿ, ಮುಚ್ಚಳ ಹಾರಿಹೋಗುವ ಉಷ್ಣತೆ ಲೆಕ್ಕ ಹಾಕಿ, ಗಂಟೆ ಬರೆಯಿರಿ. ಆಮೇಲೆ ಆಫೀಸಿನ ಕಿಟಕಿಯಿಂದ ಯಾವುದಾದರೂ ಒಂದು ಧ್ವಜ ನೋಡುತ್ತಿರಿ. ಜೋತುಬಿದ್ದಿದ್ದ ಧ್ವಜ ಎಷ್ಟು ಗಂಟೆಗೆ ಎದ್ದು ನಿಂತಿತು ಅಂತ ಪಕ್ಕದಲ್ಲೇ ಬರೆಯಿರಿ. ಮೊದಲ ವಾರ ಒಂದೂವರೆ ಗಂಟೆ ತಪ್ಪುತ್ತೀರಿ, ನಾನೂ ತಪ್ಪಿದ್ದೆ.

ಮುಂದಿನ ಸಲ ಮೈದಾನಕ್ಕೆ ಹೋದಾಗ ಗಡಿಯಾರ ಹಿಡಿಯುವ ಕೆಲಸ ಕೇಳಿ ತಗೊಳ್ಳಿ. ಪೈಬಾಲ್ ತಿರುಗಿದ ನಿಮಿಷವನ್ನು ಗಟ್ಟಿಯಾಗಿ ಕೂಗಿ ಹೇಳಿ. ‘ಬೇಡ’ ಅನ್ನುವ ಮಾತು ಇನ್‌ಸ್ಟ್ರಕ್ಟರ್ ಬಾಯಿಂದ ಬರುವ ಮೊದಲು ನಿಮ್ಮ ಬಾಯಿಂದ ಬಂದರೆ, ಅವತ್ತಿನ ತಿಂಡಿ ದುಡ್ಡು ಅವರೇ ಕೊಡುತ್ತಾರೆ.